ವಹಿ ಕೊಟ್ಟಾಯಿತು, ಬರವಣಿಗೆ ಎಂದು?

ಪ್ರತಿ ವರ್ಷ ಶಾಲೆಗಳು ಆರಂಭವಾಗುವ ಹೊತ್ತಿಗೆ ಅಥಣಿ, ಚಿಕ್ಕೋಡಿ, ರಾಯಬಾಗ ಭಾಗದ ವರ್ತಕರು ಬಡ ಮಕ್ಕಳಿಗೆ ವಹಿಗಳನ್ನು ಹಂಚುವುದು ವಾಡಿಕೆ. ರಕ್ಷಾಪುಟದ ಮೇಲೆ ದಾನಿಯ ಅಂಗಡಿಯ ಹೆಸರು, ಕೆಲವೊಮ್ಮೆ ಭಾವಚಿತ್ರವೂ ಇರುತ್ತದೆ. ಇದು ಶ್ಲಾಘನೀಯ ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ವಹಿಯನ್ನು ವರ್ಷದ ಕೊನೆಗೆ ತೆರೆದು ನೋಡಿದ ದಾನಿಗಳು ಎಷ್ಟು ಮಂದಿ? ಅದರಲ್ಲಿ ಬಹುಪಾಲು ಇರುವುದು ಕರಿಹಲಗೆಯಿಂದ ಇಳಿಸಿಕೊಂಡ ಪ್ರಶ್ನೋತ್ತರ, ಗೈಡಿನಿಂದ ನಕಲು ಮಾಡಿದ ಪ್ರಬಂಧ. ಮಗು ತಾನಾಗಿ ಯೋಚಿಸಿ ಬರೆದ ವಾಕ್ಯ ಅಪರೂಪ. ಕಿರ್ದಿಯಲ್ಲಿ ಖರ್ಚು ಬಿದ್ದಿದೆ. ಜಮೆಯ ಬದಿ ಖಾಲಿ ಉಳಿದಿದೆ.

ಈ ಕೊರತೆಯನ್ನು ತುಂಬುವ ಸುಲಭ ಮಾರ್ಗವೆಂದರೆ ಶಾಲೆಗಳಲ್ಲಿ ಹಾಗೂ ಊರಿನ ಸಾರ್ವಜನಿಕ ಸ್ಥಳಗಳಲ್ಲಿ ನಡೆಸುವ ಉಚಿತ ಬರವಣಿಗೆ ಕಮ್ಮಟ. ಕಮ್ಮಟವೆಂದರೆ ಸ್ಪರ್ಧೆಯಲ್ಲ. ಸರಕಾರದ ಪ್ರತಿಭಾ ಕಾರಂಜಿಯಲ್ಲಿ ಕಥೆ, ಪ್ರಬಂಧ, ಆಶುಭಾಷಣಗಳಿಗೆ ಅವಕಾಶವುಂಟು. ಆದರೆ ಅಲ್ಲಿ ಕೆಲವರಿಗೆ ಬಹುಮಾನ, ಉಳಿದವರಿಗೆ ಚಪ್ಪಾಳೆ ತಟ್ಟುವ ಕೆಲಸ. ಕಮ್ಮಟದಲ್ಲಿ ಪ್ರತಿ ಮಗುವೂ ಬರೆಯುತ್ತದೆ, ಓದಿ ಹೇಳುತ್ತದೆ, ತಿದ್ದಿಕೊಳ್ಳುತ್ತದೆ.

ಇಂಥ ಕಾರ್ಯಕ್ಕೂ ವ್ಯಾಪಾರಕ್ಕೂ ಏನು ಸಂಬಂಧವೆಂದು ಕೇಳುವವರು ಅಮೇರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಉದಾಹರಣೆಯನ್ನು ಗಮನಿಸಬಹುದು. 2002ರಲ್ಲಿ ಲೇಖಕ ಡೇವ್ ಎಗ್ಗರ್ಸ್ ಹಾಗೂ ಶಿಕ್ಷಕಿ ನಿನಿವೆ ಕಾಲೆಗಾರಿ ಅವರು ವೆಲೆನ್ಸಿಯಾ ಬೀದಿಯ 826ನೆಯ ನಂಬರಿನ ಮಳಿಗೆಯಲ್ಲಿ ಮಕ್ಕಳಿಗೆ ಉಚಿತವಾಗಿ ಬರವಣಿಗೆ ಕಲಿಸಲು ಮುಂದಾದರು. ಆ ಜಾಗ ವ್ಯಾಪಾರಕ್ಕೆ ಮೀಸಲಾದದ್ದು, ಅಲ್ಲಿ ಏನನ್ನಾದರೂ ಮಾರಲೇಬೇಕೆಂಬ ನಿಯಮವಿತ್ತು. ಅವರು ಎದೆಗುಂದಲಿಲ್ಲ. ಮುಂಭಾಗದಲ್ಲಿ ಕಡಲುಗಳ್ಳರಿಗೆ ಬೇಕಾದ ಸಾಮಾನುಗಳ ತಮಾಷೆಯ ಅಂಗಡಿಯನ್ನು ತೆರೆದು, ಹಿಂಭಾಗದಲ್ಲಿ ತರಗತಿ ನಡೆಸಿದರು. ಮಕ್ಕಳು ಅಂಗಡಿಯ ಕುತೂಹಲದಿಂದ ಒಳಗೆ ಬಂದರು, ಬರೆಯುತ್ತ ಕುಳಿತರು. ಮುಂದೆ 2009ರಲ್ಲಿ ಡಬ್ಲಿನ್, 2010ರಲ್ಲಿ ಲಂಡನ್ ನಗರಗಳಲ್ಲಿಯೂ ಇದೇ ಬಗೆಯ ಉಚಿತ ಕೇಂದ್ರಗಳು ಆರಂಭವಾದವು. ಅಂಗಡಿ ಮತ್ತು ಅಕ್ಷರ ಒಂದೇ ಸೂರಿನಡಿ ಬಾಳಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಥಣಿ ತಾಲೂಕಿನ ಕೊಕಟನೂರಿನಂಥ ಊರಿಗೆ ಅಷ್ಟು ದೊಡ್ಡ ಏರ್ಪಾಡು ಅನವಶ್ಯಕ. ಶಾಲೆಯ ಒಂದು ಕೊಠಡಿ ಅಥವಾ ಗ್ರಾಮ ಪಂಚಾಯತಿಯ ಗ್ರಂಥಾಲಯ ಸಾಕು. ಗ್ರಾಮೀಣಾಭಿವೃದ್ಧಿ ಇಲಾಖೆಯು 2020ರ ನವೆಂಬರಿನಲ್ಲಿ ಆರಂಭಿಸಿದ ‘ಓದುವ ಬೆಳಕು’ ಕಾರ್ಯಕ್ರಮವು 6ರಿಂದ 18 ವರ್ಷದ ಮಕ್ಕಳಿಗೆ ಗ್ರಂಥಾಲಯದ ಬಾಗಿಲನ್ನು ಉಚಿತವಾಗಿ ತೆರೆಯಿತು. ಓದಿಗೆ ಬೆಳಕು ಬಂದಿದೆ. ಬರೆಯುವ ಕೈಗೂ ಅದೇ ಬೆಳಕು ಸಾಕಾಗುತ್ತದೆ. ಇನ್ನು ಬರೆಯಲು ವಿಷಯಕ್ಕೇನು ಬರ? ಯಲ್ಲಮ್ಮನ ಜಾತ್ರೆಯ ಬಳೆ ಅಂಗಡಿ, ಕಬ್ಬು ಕಡಿಯಲು ಬಂದ ಕುಟುಂಬದ ಗುಡಿಸಲು, 2019ರ ಕೃಷ್ಣೆಯ ಪ್ರವಾಹದಲ್ಲಿ ಸಂಬಂಧಿಕರು ಮನೆ ಬಿಟ್ಟು ಬಂದ ಸಂಗತಿ, ಇವೆಲ್ಲ ಈ ತಾಲೂಕಿನ ಮಕ್ಕಳು ಕಂಡು ಕೇಳಿದವು. ಗಡಿಭಾಗದಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತುಗಳು. ಮಗು ಮೊದಲು ತನಗೆ ಬಂದ ಮಾತಿನಲ್ಲಿ ಬರೆಯಲಿ. ಗ್ರಾಂಥಿಕ ಭಾಷೆಯ ಶುದ್ಧಿ ಆಮೇಲೆ ಬಂದೀತು.

‘ಕಥೆ ಬರೆದರೆ ಹೊಟ್ಟೆ ತುಂಬೀತೇ? ಇಂಗ್ಲಿಷ್, ಕಂಪ್ಯೂಟರ್ ಕಲಿಸಿರಿ’ ಎಂಬ ಆಕ್ಷೇಪಣೆ ಸಹಜ. ಅದಕ್ಕೆ ಉತ್ತರವು ಈ ಭಾಗದ ಚಪ್ಪಲಿ ಉದ್ಯಮದಲ್ಲಿಯೇ ಇದೆ. ಅಥಣಿ, ನಿಪ್ಪಾಣಿಗಳಲ್ಲಿ ಹೊಲಿದ ಚಪ್ಪಲಿಯು ಪೇಟೆಯಲ್ಲಿ ಕೊಲ್ಹಾಪುರದ ಹೆಸರಿನಿಂದ ಮಾರಾಟವಾಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಂದಿಗೆ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳಿಗೆ ಅದರಲ್ಲಿ ಪಾಲು ಸಿಕ್ಕಿತು. ಇಂಥ ಮಾನ್ಯತೆಗೆ ಸರಕಿನ ಚರಿತ್ರೆ, ತಯಾರಿಕೆಯ ಕ್ರಮ, ಅದರ ಸೀಮೆ ಎಲ್ಲವನ್ನೂ ಬರೆದು ಒಪ್ಪಿಸಬೇಕಾಗುತ್ತದೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಇದನ್ನೇ ಹೋಲುವ ಪಾದರಕ್ಷೆಗಳನ್ನು ಮೂಲವನ್ನು ಹೇಳದೆ ಪ್ರದರ್ಶಿಸಿತು. ಆಕ್ಷೇಪಣೆಯ ಪತ್ರ ತಲುಪಿದ ಮೇಲೆ ಭಾರತೀಯ ಪ್ರೇರಣೆಯನ್ನು ಒಪ್ಪಿಕೊಂಡಿತು. ಕೈಕೆಲಸ ಎಷ್ಟೇ ಉತ್ತಮವಿರಲಿ, ಅದರ ಕಥೆಯನ್ನು ಬರೆದು ಹೇಳಬಲ್ಲವರಿಲ್ಲದಿದ್ದರೆ ಹೆಸರೂ ಬೆಲೆಯೂ ಅನ್ಯರ ಪಾಲಾಗುತ್ತವೆ. ಇಂದು ಪತ್ರವನ್ನು ಮೊಬೈಲ್ ಫೋನೇ ಬರೆದುಕೊಡುತ್ತದೆ, ನಿಜ. ಆದರೆ ಏನು ಹೇಳಬೇಕೆಂಬುದನ್ನು ಮನುಷ್ಯನೇ ತಿಳಿದಿರಬೇಕು.

ಈಗ ಲೆಕ್ಕದ ಮಾತು. ವಾರಕ್ಕೊಮ್ಮೆ 2 ತಾಸಿನಂತೆ ವರ್ಷಕ್ಕೆ 30 ಬೈಠಕ್ ಎಂದಿಟ್ಟುಕೊಂಡರೆ, ಮಾರ್ಗದರ್ಶಕರಿಗೆ ತಲಾ 500 ರೂ. ಗೌರವಧನದಂತೆ 15,000 ರೂ.; ಕಾಗದ, ಪೆನ್ಸಿಲ್ಲುಗಳಿಗೆ 5,000 ರೂ.; ಮಕ್ಕಳ ಬರಹಗಳ ಪುಸ್ತಿಕೆಯ ಮುದ್ರಣಕ್ಕೆ 20,000 ರೂ.; ಒಟ್ಟು ಅಂದಾಜು 40,000 ರೂ. ಇಪ್ಪತ್ತು ಸದಸ್ಯರು ತಲಾ 2,000 ರೂ. ಕೊಟ್ಟರೆ ಒಂದು ಊರಿನ ಕಮ್ಮಟ ವರ್ಷವಿಡೀ ನಡೆಯುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ನಿಗದಿತ ಮಿತಿಯನ್ನು ಮೀರಿದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವೆಚ್ಚ ಮಾಡಬೇಕು. ಶಿಕ್ಷಣವೂ ಅದರಲ್ಲಿ ಸೇರಿದೆ. ಸಣ್ಣ ವರ್ತಕನಿಗೆ ಆ ನಿರ್ಬಂಧವಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗೆ ಇಂಥ ದೇಣಿಗೆಯ ಮೇಲೆ ಕಡಿತವೂ ದೊರೆಯದು. ಆದುದರಿಂದ ತೆರಿಗೆಯ ಲಾಭಕ್ಕಾಗಿ ಯಾರೂ ಇದಕ್ಕೆ ಕೈಹಾಕಬೇಕಾಗಿಲ್ಲ. ಕೈಹಾಕಿದವರು ಮನಸ್ಸಿನಿಂದಲೇ ಹಾಕಿರುತ್ತಾರೆ.

ಕೆಲವು ಎಚ್ಚರಿಕೆಗಳು ಅವಶ್ಯ. ಮುಖ್ಯಾಧ್ಯಾಪಕರ ಹಾಗೂ ಎಸ್‌ಡಿಎಂಸಿಯ ಒಪ್ಪಿಗೆ ಪಡೆದೇ ಕಾರ್ಯ ಆರಂಭವಾಗಬೇಕು. ಪ್ರತಿ ಬೈಠಕ್ಕಿನಲ್ಲಿ ಶಾಲೆಯ ಒಬ್ಬ ಶಿಕ್ಷಕರಿರಬೇಕು. ಮಗು ಬೇಡವೆಂದ ಬರಹ ಅಚ್ಚಾಗಬಾರದು. ಒಂದು ದಿನದ ಸಮಾರಂಭ, ಹಾರ, ಶಾಲುಗಳಲ್ಲಿ ಹಣ ಮುಗಿದುಹೋಗಬಾರದು. ಕಮ್ಮಟಕ್ಕೆ ಜೀವ ಬರುವುದು ಪ್ರತಿ ವಾರ ತಪ್ಪದೆ ನಡೆದಾಗ ಮಾತ್ರ.

ಬರುವ ಜೂನ್ ತಿಂಗಳಲ್ಲಿ ವಹಿಗಳ ಹಂಚಿಕೆ ಎಂದಿನಂತೆ ನಡೆಯಲಿ. ಜೊತೆಗೆ ಪ್ರತಿ ತಾಲೂಕಿನ ವರ್ತಕ ಬಾಂಧವರು ಒಂದೊಂದು ಶಾಲೆಯನ್ನು ಆರಿಸಿಕೊಂಡು, ಒಂದು ವರ್ಷದ ಮಟ್ಟಿಗೆ ಕಮ್ಮಟದ ಹೊಣೆ ಹೊರಲಿ. ಮುಂದಿನ ಮಾರ್ಚ್ ಅಖೇರಿಗೆ ಲೆಕ್ಕ ಮುಗಿಸುವಾಗ, ದಾನಿಯ ಹೆಸರಿದ್ದ ವಹಿಯ ಬದಲು ಮಗುವಿನ ಹೆಸರಿರುವ ಪುಸ್ತಿಕೆಯೊಂದು ಮೇಜಿನ ಮೇಲಿರುತ್ತದೆ. ಜಮೆಯ ಬದಿಯಲ್ಲಿ ಬರೆದುಕೊಳ್ಳಲು ಅಷ್ಟು ಸಾಕು.