ಕುಂಡ ತೂಗಿತು ಸರಿ, ನೀರು ಹೊಯ್ಯುವವರು ಯಾರು ಸ್ವಾಮೀ?

ಬಸ್ ನಿಲ್ದಾಣದ ಮುಂದಿನ ದೀಪದ ಕಂಬಗಳನ್ನು ಒಮ್ಮೆ ಕತ್ತೆತ್ತಿ ನೋಡಿ. ಕಂಬಕ್ಕೆರಡರಂತೆ ತೂಗುಕುಂಡಗಳು. ಕೆಳಗೆ ಡಿವೈಡರ್ ಮೇಲೆ ಸಿಮೆಂಟ್ ಕುಂಡಗಳ ಸಾಲು. ಕಳೆದ ಚಳಿಗಾಲದಲ್ಲಿ ಊರು ಚೆಂದ ಮಾಡುತ್ತೇವೆಂದು ನಗರಸಭೆಯವರು ಇಡಿಸಿದ್ದು. ಆಗ ಪೆಟೂನಿಯಾ ಅರಳಿತ್ತು. ಫೋಟೋ ತೆಗೆಸಿಕೊಂಡದ್ದೂ ಆಯಿತು. ಈಗ? ಮೇಲೆ ಒಣಗಿದ ಕಡ್ಡಿ, ಕೆಳಗಿನ ಕುಂಡದಲ್ಲಿ ಪಾನ್ ಮಸಾಲಾ ಚೀಟಿ, ಟೀ ಕುಡಿದು ಎಸೆದ ಪೇಪರ್ ಲೋಟ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಹಿರಿಯರು ಆಡಿಕೊಂಡರು. ನಮ್ಮೂರಲ್ಲಿ ಆ ಮಲ್ಲಿಗೆಗೂ ನೀರಿಲ್ಲ!

ಹಾಗೆಂದು ನಾವು ಹೂಗಿಡದ ವಿರೋಧಿಗಳಲ್ಲ. ಜನವರಿ, ಆಗಸ್ಟ್ ತಿಂಗಳಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬಸ್ಸಿನಲ್ಲಿ ತೊಡೆಯ ಮೇಲೆ ಕುಂಡ ಇಟ್ಟುಕೊಂಡು ಊರಿಗೆ ಬರುವುದನ್ನು ಯಾರು ನೋಡಿಲ್ಲ? ತೂಗುಕುಂಡವೂ ಹೊರಗಿನ ಸರಕೇನಲ್ಲ. ಬೆಕ್ಕಿಗೆ ಸಿಗಬಾರದೆಂದು ಅಜ್ಜಿ ಹಾಲು ಮೊಸರಿನ ಗಡಿಗೆ ತೂಗುಹಾಕುತ್ತಿದ್ದ ನೆಲುವಿನಲ್ಲಿ ಗಡಿಗೆಯ ಬದಲು ಗಿಡ ಇಟ್ಟರೆ ಅದೇ ತೂಗುಕುಂಡ. ಆಸೆ ತಪ್ಪಲ್ಲ, ಲೆಕ್ಕ ತಪ್ಪಿದೆ.

ಲೆಕ್ಕ ಏನು? ನೆಲದ ಗಿಡ ಬೇರನ್ನು ಆಳಕ್ಕೆ ಬಿಟ್ಟು ನೀರು ಹುಡುಕುತ್ತದೆ. ತೂಗುಕುಂಡದ ಗಿಡ ಎಲ್ಲಿಗೆ ಹೋಗಬೇಕು? 12 ಇಂಚು ಅಗಲದ ದುಂಡನೆ ಬುಟ್ಟಿಗೆ ಹಿಡಿಸುವುದು ಸುಮಾರು 7 ಲೀಟರ್ ಮಣ್ಣು ಮಾತ್ರ. ಸುತ್ತಲೂ ಗಾಳಿ, ಮೇಲೆ ಬಿಸಿಲು. ಬೇಸಿಗೆಯಲ್ಲಿ ದಿನಾ ನೀರು ಬೀಳಲೇಬೇಕು. ಎರಡು ದಿನ ತಪ್ಪಿದರೆ ಮಣ್ಣು ಕುಗ್ಗಿ ಅಂಚು ಬಿಡುತ್ತದೆ. ಆಮೇಲೆ ಕೊಡಗಟ್ಟಲೆ ಹೊಯ್ದರೂ ನೀರು ಬದಿಯಿಂದ ಇಳಿದುಹೋಗುತ್ತದೆಯೇ ಹೊರತು ಬೇರಿಗೆ ಮುಟ್ಟುವುದಿಲ್ಲ. ಅಂಥ ಕುಂಡವನ್ನು ಇಳಿಸಿ ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಅದ್ದಿಡಬೇಕು. ಕಂಬದ ಮೇಲಿನದನ್ನು ಇಳಿಸುವವರು ಯಾರು? ಏಣಿ ಹೊತ್ತು ಬರುವವರು ಯಾರು? ಕುಂಡ ಕೊಳ್ಳುವಾಗ ಈ ಪ್ರಶ್ನೆ ಯಾರೂ ಕೇಳಲಿಲ್ಲ.

ಈಗ ರಸ್ತೆ ದಾಟಿ ಎದುರಿಗೆ ಬನ್ನಿ. ಅಲ್ಲೊಂದು ದರ್ಜಿ ಅಂಗಡಿ. 5 ಲೀಟರಿನ ಖಾಲಿ ಎಣ್ಣೆ ಡಬ್ಬ ಕೊಯ್ದು, ತಳಕ್ಕೆ ತೂತು ಹೊಡೆದು, ತಂತಿ ಕಟ್ಟಿ ನೇತುಹಾಕಿದ್ದಾರೆ. ತುಂಬ ಟೇಬಲ್ ರೋಸ್, ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುವಂತೆ ಅರಳಿದೆ. ಪಕ್ಕದ ಡಬ್ಬದಲ್ಲಿ ದೊಡ್ಡಪತ್ರೆ. ಗುಟ್ಟೇನು ಎಂದು ಕೇಳಿದರೆ ಯಜಮಾನರು ನಕ್ಕರು. "ಗುಟ್ಟೇನು ಬಂತು ಸಾರ್? ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಅಂಗಡಿ ಮುಂದೆ ನೀರು ಚಿಮುಕಿಸ್ತೀನಲ್ಲ, ಅದೇ ಬಕೆಟ್‌ನಿಂದ ಇದಕ್ಕೂ ಒಂದು ಚೊಂಬು."

ಇಷ್ಟೇ ನೋಡಿ ವಿಷಯ. ಗಿಡ ಬದುಕುವುದು ಟೆಂಡರಿನಿಂದಲ್ಲ, ದಿನಾ ಬೆಳಿಗ್ಗೆ ಬಾಗಿಲು ತೆಗೆಯುವವರ ಕೈಯಿಂದ. ನಗರಸಭೆ ಕಂಬಕ್ಕೆ ಕುಂಡ ಕಟ್ಟುವುದನ್ನು ಬಿಡಲಿ. ಇರುವ ಕುಂಡಗಳನ್ನು ಇಳಿಸಿ, ಇಷ್ಟವಿರುವ ಅಂಗಡಿಯವರಿಗೆ ಒಂದೊಂದು ಕೊಡಲಿ. ಜೊತೆಗೆ ಮಣ್ಣು, ಗೊಬ್ಬರ, ಗಿಡ. ಕುಂಡಕ್ಕೆ ದಿನಕ್ಕೆ ಒಂದು ಲೀಟರ್ ಎಂದರೂ 100 ಕುಂಡಕ್ಕೆ 100 ಲೀಟರ್, ಅಂದರೆ 20 ಲೀಟರಿನ ಐದೇ ಬಕೆಟ್. ನೂರು ಜನ ಹಂಚಿಕೊಂಡರೆ ಯಾರಿಗೆ ಭಾರ?

ಆದರೆ ಅಂಗಡಿಯವರೂ ನಾಲ್ಕು ಮಾತು ಕೇಳಿಸಿಕೊಳ್ಳಬೇಕು.

ಮೊದಲನೆಯದು ತೂಕ. ತಕ್ಕಡಿ ಹಿಡಿಯುವವರಿಗೆ ಹೇಳಿಕೊಡಬೇಕೇ? 7 ಲೀಟರ್ ಕೆಂಪುಮಣ್ಣು ನೆನೆದರೆ 10 ಕಿಲೋ ದಾಟುತ್ತದೆ. ಕೆಳಗೆ ನಿಂತ ಗಿರಾಕಿಯ ತಲೆ ನೆನಪಿರಲಿ. ಮಣ್ಣು ಒಂದು ಪಾಲು, ಹಳೇ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿ. ಅಂಗಡಿಗಳಲ್ಲಿ ಕೊಕೋಪೀಟ್ ಎಂದು ಮಾರುವುದು ಈ ಪುಡಿಯನ್ನೇ. ಹಗುರ, ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಉಪ್ಪಿನಂಶ ಹೋಗುವಂತೆ ಒಮ್ಮೆ ತೊಳೆದು ಹಾಕಿ. ತಗಡಿನ ಶೀಟಿಗೆ ತಂತಿ ಸಿಕ್ಕಿಸಬೇಡಿ. ಗೋಡೆಗೋ ಕಾಂಕ್ರೀಟಿಗೋ ಭದ್ರವಾದ ಕೊಕ್ಕೆ ಹೊಡೆಸಿ. ಬಾವಿಯ ರಾಟೆಯಂಥ ಒಂದು ಪುಟ್ಟ ರಾಟೆ ಹಾಕಿದರೆ ಇಳಿಸಿ ನೀರು ಹಾಕಿ ಏರಿಸಬಹುದು. ಸ್ಟೂಲ್ ಹತ್ತುವ ಗೋಜೇ ಇಲ್ಲ.

ಎರಡನೆಯದು ಗಿಡದ ಆಯ್ಕೆ. ಬಿಸಿಲಿಗೆ ಟೇಬಲ್ ರೋಸ್, ನಿತ್ಯಪುಷ್ಪ. ನೆರಳಿಗೆ ಮನಿ ಪ್ಲಾಂಟ್. ಚಳಿಗಾಲದ ಪೆಟೂನಿಯಾ ಏಪ್ರಿಲ್ ಬಿಸಿಲಿಗೆ ಸೊರಗಿದರೆ ಅದರ ತಪ್ಪಲ್ಲ, ತಂದವರ ತಪ್ಪು.

ಮೂರನೆಯದು ಸೊಳ್ಳೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಸೊಳ್ಳೆಗೆ ಹೆರಿಗೆ ಮನೆ. ಅದು ಕಚ್ಚುವುದು ಹಗಲಿನಲ್ಲಿ, ಅಂದರೆ ನೀವು ಗಲ್ಲಾ ಮೇಲೆ ಕೂತಿರುವಾಗ, ನಾವು ಬಸ್ಸಿಗೆ ಕಾದಿರುವಾಗ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ತಟ್ಟೆಯ ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಆದ್ದರಿಂದ ಬರೀ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ 2024ರಲ್ಲಿ ರಾಜ್ಯ ಸರ್ಕಾರ ತಂದ ನಿಯಮದಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ, ಅಂಗಡಿಗೆ 1,000 ರೂಪಾಯಿ ದಂಡ ಇಟ್ಟಿದ್ದಾರೆ. ಇನ್ನು ಡಿವೈಡರ್ ಮೇಲಿನ ಸಿಮೆಂಟ್ ಕುಂಡಗಳಲ್ಲಿ ಮಳೆ ಬಂದಾಗ ನೀರು ನಿಲ್ಲುತ್ತದಲ್ಲ, ಅದಕ್ಕೆ ದಂಡ ಯಾರು ಯಾರಿಗೆ ಕಟ್ಟಬೇಕು? ನಗರಸಭೆಯವರೇ ಹೇಳಲಿ.

ನಾಲ್ಕನೆಯದು ಫುಟ್‌ಪಾತ್. ಅಂದಕ್ಕೆಂದು ಇಟ್ಟ ಕುಂಡ ಒಂದು ಅಡಿ ಮುಂದೆ, ಆಮೇಲೆ ಬೋರ್ಡು, ಆಮೇಲೆ ಮೂಟೆ. ಹೀಗೆ ಕುಂಡದ ಹೆಸರಲ್ಲಿ ಜಾಗ ಹಿಡಿಯುವ ಕಲೆ ನಮಗೆ ಗೊತ್ತಿಲ್ಲದ್ದೇನಲ್ಲ. ಕೈಗೂಸು ಎತ್ತಿಕೊಂಡ ತಾಯಿ, ಕೋಲು ಹಿಡಿದ ಮುದುಕರು ರಸ್ತೆಗಿಳಿದು ಬಸ್ಸಿನ ಚಕ್ರದ ಪಕ್ಕ ನಡೆಯಬೇಕಾಗುತ್ತದೆ. ಅಡಚಣೆಯಿಲ್ಲದ ಪಾದಚಾರಿ ಮಾರ್ಗ ಜೀವಿಸುವ ಹಕ್ಕಿನ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹೂವಿಗೆ ಜಾಗ ಬೇಕಾದರೆ ಮೇಲಿದೆಯಲ್ಲ! ತಲೆಗೆ ತಾಗದ ಎತ್ತರಕ್ಕೆ, ನಿಮ್ಮ ಮೆಟ್ಟಿಲಿನ ಮೇಲಕ್ಕೇ ನೇತುಹಾಕಿ. ನೋಡುವವರಿಗೂ ಚೆಂದ, ನಡೆಯುವವರಿಗೂ ಹಾದಿ.

ಬಸ್ಸಿಗೆ ಕಾಯುವ ಬಾಂಧವರಿಗೂ ಒಂದು ಮಾತು. ಕುಂಡ ಕಸದ ಬುಟ್ಟಿಯಲ್ಲ, ಎಲೆ ಅಡಿಕೆ ಉಗಿಯುವ ಪೀಕದಾನಿಯೂ ಅಲ್ಲ. ನೀರಿನ ಬಾಟಲಿಯಲ್ಲಿ ಒಂದು ಗುಟುಕು ಉಳಿದಿದ್ದರೆ ಬಸ್ ಹತ್ತುವ ಮುಂಚೆ ಅದಕ್ಕೆ ಹೊಯ್ಯಿರಿ. ಏನೂ ಗಂಟು ಹೋಗುವುದಿಲ್ಲ.

ಮಳೆಗಾಲಕ್ಕೆ ಇನ್ನಷ್ಟು ಕುಂಡ ಕೊಳ್ಳುವ ಮಾತು ಕೇಳಿಬರುತ್ತಿದೆ. ಕೊಳ್ಳಲಿ, ಬೇಡ ಎನ್ನುವುದಿಲ್ಲ. ಆದರೆ ಬಿಲ್ಲಿಗೆ ಸಹಿ ಹಾಕುವ ಮುಂಚೆ ಅಧಿಕಾರಿಗಳು ಒಂದು ಸಲ ರಸ್ತೆ ದಾಟಿ ಆ ದರ್ಜಿ ಅಂಗಡಿಯ ಡಬ್ಬವನ್ನು ನೋಡಿಬರಲಿ. ಡಬ್ಬಕ್ಕೆ ಖರ್ಚಿಲ್ಲ, ನೀರು ಒಂದು ಚೊಂಬು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಅಥವಾ ಮುಂದಿನ ಬೇಸಿಗೆಯಲ್ಲೂ ಇದೇ ಕಡ್ಡಿಗಳ ಬಗ್ಗೆ ನಾವು ಇದೇ ಜಾಗದಲ್ಲಿ ಬರೆಯಬೇಕೇ?