ಹಂದಿಜ್ವರ: ಹೇಳಿದವನಿಗೇ ನಷ್ಟವೆ?

ಹಂದಿ ಸಾಕಣೆ ಅಂದರೆ ಮೂಗು ಮುರಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇರಲಿ. ಶುಂಠಿ ಬೆಲೆ ನಂಬಿ ಕೆಟ್ಟು, ಬ್ಯಾಂಕಿನ ಸಾಲ ಎತ್ತಿ ಹಂದಿಗೂಡು ಕಟ್ಟಿದ ರೈತರ ಮಕ್ಕಳೂ ಇದ್ದಾರೆ. ಹಂದಿ ಸತ್ತರೆ ಸಾಲ ಸಾಯುವುದಿಲ್ಲ.

2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ 2022ರ ಜುಲೈನಲ್ಲಿ ವಯನಾಡಿನ ಮಾನಂದವಾಡಿಗೆ ಬಂತು. ಕುಟ್ಟದಿಂದ ಅದೆಷ್ಟು ದೂರ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮನುಷ್ಯರಿಗೆ ಈ ರೋಗ ತಗಲುವುದಿಲ್ಲ. ಆದರೆ ಹಂದಿಗೆ ತಗಲಿದರೆ ಔಷಧಿಯಿಲ್ಲ, ನಮ್ಮ ದೇಶದಲ್ಲಿ ಲಸಿಕೆಯೂ ಇಲ್ಲ.

ರೋಗ ಬಿದ್ದ ಹಂದಿ ಮೇವು ಬಿಡುತ್ತೆ. ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ. ಜ್ವರ 105 ಡಿಗ್ರಿ ದಾಟುತ್ತೆ. ಕಿವಿ, ಹೊಟ್ಟೆ, ಕಾಲಿನ ಚರ್ಮ ಕೆಂಪಾಗಿ ಆಮೇಲೆ ನೀಲಿಗೆ ತಿರುಗುತ್ತೆ. ಗಬ್ಬದ ಹಂದಿ ಕಂದು ಹಾಕುತ್ತೆ. ಕೆಲವು ಏನೂ ತೋರಿಸದೆ ಬೆಳಗಾಗುವುದರೊಳಗೆ ಸತ್ತಿರುತ್ತವೆ. ತೊಡಕು ಏನೆಂದರೆ, ನಮ್ಮಲ್ಲಿ ಮೊದಲಿನಿಂದಲೂ ಇರುವ ಹಂದಿಜ್ವರವೂ ಹೀಗೇ ಕಾಣುತ್ತೆ. ಅದಕ್ಕೆ ಲಸಿಕೆ ಉಂಟು. ಆ ಲಸಿಕೆ ಹಾಕಿಸಿದ ಗೂಡಿನಲ್ಲೂ ಒಂದರ ಹಿಂದೊಂದು ಸಾಯುತ್ತಿದ್ದರೆ ಆಫ್ರಿಕನ್ ಜ್ವರವೇ ಇರಬಹುದು ಅಂತ ಅನುಮಾನ ಪಡಬೇಕು. ಅನುಮಾನ ಅಷ್ಟೆ. ಎಂಥ ಅನುಭವಸ್ಥನೂ ಕಣ್ಣಲ್ಲಿ ನೋಡಿ ಇದೇ ಅಂತ ಹೇಳಲಾರ, ರಕ್ತ ಪ್ರಯೋಗಾಲಯಕ್ಕೆ ಹೋಗಲೇಬೇಕು. ಎರಡು ದಿನ ಪೆನಿಸಿಲಿನ್ ಚುಚ್ಚಿ ನೋಡೋಣ ಅಂತ ಕೂತರೆ ಪಕ್ಕದ ಗೂಡೂ ಹೋಗುತ್ತೆ. ಸತ್ತ ಹಂದಿಯ ಹೊಟ್ಟೆ ನೀವು ಬಗೆಯಬೇಡಿ. ಗುಲ್ಮ ಊದಿ ಕಪ್ಪಾಗಿದೆಯೇ ಅಂತ ವೈದ್ಯರು ನೋಡಿಕೊಳ್ಳಲಿ. ನೆಲಕ್ಕೆ ಬಿದ್ದ ಆ ರಕ್ತವೇ ರೋಗ ಹರಡುತ್ತೆ.

ಇಷ್ಟೆಲ್ಲ ಗೊತ್ತಿದ್ದೂ ರೈತ ಯಾಕೆ ಬಾಯಿ ಬಿಡುವುದಿಲ್ಲ? ಮಾನಂದವಾಡಿಯ ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಿ ರೋಗ ಖಚಿತವಾಯಿತು. ಆಮೇಲೆ ಒಂದು ಕಿಲೋಮೀಟರ್ ಸುತ್ತಿನ ಹಂದಿಗಳನ್ನೆಲ್ಲ ಕೊಲ್ಲುವುದು ನಿಯಮ. ಕೊಂದದ್ದಕ್ಕೆ ತೂಕದ ಮೇಲೆ 2,200ರಿಂದ 15,000 ರೂಪಾಯಿವರೆಗೆ ಪರಿಹಾರ. ವರದಿ ಬರುವಷ್ಟರಲ್ಲಿ ರೋಗದಿಂದಲೇ ಸತ್ತದ್ದಕ್ಕೆ ಸೊನ್ನೆ. ಹೀಗಿದ್ದರೆ ರಾತ್ರೋರಾತ್ರಿ ಕಟುಕನಿಗೆ ಸಿಕ್ಕಿದ ಬೆಲೆಗೆ ಮಾರುವ ಆಸೆ ಬರದೆ ಇರುತ್ತದೆಯೇ? ಆ ಮಾರಾಟವನ್ನು ನಾವು ಒಪ್ಪುವುದಿಲ್ಲ. ಅದೇ ಮಾಂಸದ ಚೂರು ಹೋಟೆಲಿನ ಮುಸುರೆಯಲ್ಲಿ ಸೇರಿ ಇನ್ನೊಬ್ಬ ರೈತನ ಗೂಡಿಗೆ ಬರುತ್ತೆ. ಮುಸುರೆ ಹಾಕುವವರು ಚೆನ್ನಾಗಿ ಕುದಿಸಿ ಹಾಕಿ.

ಆದರೆ ರೈತನಿಗೆ ಬುದ್ಧಿ ಹೇಳುವ ಸರ್ಕಾರ ತನ್ನ ಲೆಕ್ಕವನ್ನೂ ತಿದ್ದಿಕೊಳ್ಳಬೇಕು. ರೈತ ಪಶು ಆಸ್ಪತ್ರೆಗೆ ತಿಳಿಸಿದ ದಿನದಿಂದ ಸತ್ತ ಹಂದಿಯನ್ನೂ ಪರಿಹಾರಕ್ಕೆ ಹಿಡಿಯಲಿ. ಗೂಡು ಮತ್ತೆ ತುಂಬುವವರೆಗೆ ಬ್ಯಾಂಕಿನ ಬಡ್ಡಿ ನಿಲ್ಲಲಿ.