ಔಷಧಕ್ಕೆ ಜಗ್ಗದ ಕಳೆ

ನಿತ್ಯವೂ ಹಿಟ್ಟಿನ ಮೂಟೆ ಬಿಚ್ಚುವ ನಮ್ಮ ಹೋಟೆಲು ಬಂಧುಗಳಿಗೆ ಗೋಧಿಯ ದರ ತಿಳಿದಷ್ಟು ಅದರ ಕಷ್ಟ ತಿಳಿಯದು. ಓಲ್ಡ್ ರಾಜಿಂದರ್ ನಗರದಿಂದ ಕೆಲವೇ ಗಂಟೆಗಳ ಬಸ್ ಪ್ರಯಾಣದಷ್ಟು ದೂರವಿರುವ ಕರ್ನಾಲ, ಕೈಥಲ ಸೀಮೆಯ ಹೊಲಗಳಲ್ಲಿ ಹುಲ್ಲೊಂದು ರೈತನನ್ನು ಕಾಡುತ್ತಿದೆ. ಹರಿಯಾಣದವರು ಇದನ್ನು ಮಂಡೂಸಿ ಎನ್ನುತ್ತಾರೆ. ಪಂಜಾಬಿಗಳಿಗೆ ಇದು ಗುಲ್ಲಿಡಂಡಾ. ಎಳೆಯದಿರುವಾಗ ಗೋಧಿಯ ಸಸಿಯಂತೆಯೇ ತೋರುವುದರಿಂದ ಕೈಯಿಂದ ಕಿತ್ತು ಮುಗಿಸುವುದೂ ಸುಲಭವಲ್ಲ.

ಇದಕ್ಕೆ ಐಸೊಪ್ರೋಟ್ಯುರಾನ್ ಎಂಬ ಕಳೆನಾಶಕ ದೊರೆತಾಗ ರೈತರು ನಿಟ್ಟುಸಿರು ಬಿಟ್ಟರು. ವರ್ಷವರ್ಷವೂ ಅದನ್ನೇ ಸಿಂಪಡಿಸಿದರು. 1990ರ ದಶಕದ ಆರಂಭದಲ್ಲಿ, ಔಷಧವು ಈ ಹುಲ್ಲಿಗೆ ತಾಗದಂತಾಗಿದೆಯೆಂದು ಹಿಸಾರದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕಂಡುಕೊಂಡರು. ಕೆಲವರು ತೆನೆ ಬಲಿಯುವ ಮೊದಲೇ ಗೋಧಿಯನ್ನು ದನದ ಮೇವಿಗೆಂದು ಕೊಯ್ಯಬೇಕಾಯಿತು. ಬಳಿಕ ಕ್ಲೋಡಿನಾಫಾಪ್, ಸಲ್ಫೋಸಲ್ಫ್ಯುರಾನ್ ಬಂದವು. ಕೆಲವು ವರ್ಷಗಳಲ್ಲಿ ಅವುಗಳಿಗೂ ಅನೇಕ ಕಡೆ ಅದೇ ಗತಿಯಾಯಿತು.

ವಿಷವು ಕಳೆಗೆ ಬಲ ಕೊಡುವುದಿಲ್ಲ. ಕೋಟಿಯಲ್ಲಿ ಒಂದೆರಡು ಗಿಡಗಳಿಗೆ ಹುಟ್ಟಿನಿಂದಲೇ ಅದನ್ನು ತಾಳುವ ಶಕ್ತಿ ಇರುತ್ತದೆ. ಉಳಿದವು ಸತ್ತ ಹೊಲದಲ್ಲಿ ಅವು ಬೀಜ ಉದುರಿಸುತ್ತವೆ. ಐಸೊಪ್ರೋಟ್ಯುರಾನನ್ನು ತನ್ನೊಳಗೆ ಮುರಿದುಹಾಕಿ ಗೋಧಿಯು ಬದುಕುವುದಷ್ಟೆ. ಮಂಡೂಸಿಗೂ ಅದೇ ವಿದ್ಯೆ ಒಲಿಯಿತು. ಒಂದೇ ಔಷಧವನ್ನು ಸದಾ ಹೊಡೆಸಿ ಉಗ್ರಾಣದ ಜಿರಲೆಗಳನ್ನು ಸಾಕಿಕೊಂಡ ಹೋಟೆಲು ಮಾಲೀಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಾವೂ ಅವರಲ್ಲೊಬ್ಬರಾಗಿದ್ದೆವು.

ರೈತನ ಅಜ್ಞಾನವೇ ಕಾರಣವೆನ್ನುವವರ ಮಾತನ್ನು ನಾವು ಒಪ್ಪಲಾರೆವು. ನಡುವೆ ಬರ್ಸೀಮ್ ಮೇವನ್ನೋ ಕಬ್ಬನ್ನೋ ಬೆಳೆದರೆ ಕಳೆಯ ಬೀಜ ಕುಗ್ಗುತ್ತದೆ. ಉಳದೆ ಬಿತ್ತಿದರೂ ಅದರ ಮೊಳಕೆ ಕಡಿಮೆ. ಇದನ್ನು ಅಲ್ಲಿಯ ರೈತರು ಬಲ್ಲರು. ಆದರೆ ಸರ್ಕಾರ ಭರವಸೆಯಿಂದ ಕೊಳ್ಳುವುದು ಬತ್ತ ಮತ್ತು ಗೋಧಿಯನ್ನು. ಬೇರೆ ಬೆಳೆಗೂ ಅಷ್ಟೇ ಖಚಿತವಾದ ಕೊಳ್ಳುವಿಕೆ ಇಲ್ಲದೆ ಬೆಳೆ ಬದಲಿಸೆನ್ನುವುದು ಬರಿಯ ಉಪದೇಶ.

ಈ ಸಂಗತಿ ನಮಗೂ ದೂರದ್ದಲ್ಲ. ಊರಿನ ಗದ್ದೆಯಲ್ಲಿ ಕಳೆ ಕೀಳಬಹುದಾಗಿದ್ದ ಎಷ್ಟೋ ಕೈಗಳು ಇಲ್ಲಿ ಹಿಟ್ಟು ನಾದುತ್ತಿವೆ, ಕಡತ ಬರೆಯುತ್ತಿವೆ. ಆಳು ಸಿಗದೆ ಮನೆಯವರು ಕಳೆನಾಶಕದ ಡಬ್ಬಿ ತರುತ್ತಾರೆ. ಅದಕ್ಕೆ ಹಣ ಕಳುಹಿಸುವವರೂ ನಾವೇ. ಹಣ ಕಳುಹಿಸುವಾಗ ಒಂದು ಮಾತು ಕೇಳಿರಿ: ಕಳೆದ ವರ್ಷ ತಂದದ್ದು ಯಾವ ಔಷಧ, ಈ ವರ್ಷ ತರುವುದು ಯಾವುದು? ಡಬ್ಬಿಯ ಹೆಸರು ಬೇರೆಯಾದರೆ ಸಾಲದು, ಒಳಗಿನ ಮದ್ದು ಬೇರೆ ವರ್ಗದ್ದೇ ಎಂದು ಕೃಷಿ ಇಲಾಖೆಯವರಲ್ಲಿ ವಿಚಾರಿಸಲಿ. ಸಿಂಪಡಿಸಿದ ಮೇಲೂ ಉಳಿದ ಗಿಡಗಳನ್ನು ಬೀಜ ಕಟ್ಟುವ ಮೊದಲೇ ಕಿತ್ತು ಹೊರಹಾಕಲಿ. ಅಷ್ಟು ಕೆಲಸಕ್ಕೆ ಎರಡು ದಿನದ ಕೂಲಿಯನ್ನು ನೀವು ಬೇರೆಯಾಗಿ ಕಳುಹಿಸಿದರೆ ಮನೆಯವರು ಬೇಡವೆನ್ನಲಾರರು.